ಎಣ್ಣೆಯ ಸೂಜಿ

ನಮ್ಮ ಬೀದಿಯ ದರ್ಜಿಗೆ ಕಾಜಾ ಎಂದೇ ಹೆಸರು. ಅಂಗಿಯ ಗುಂಡಿಗೆ ಕಾಜಾ ಹಾಕುವುದರಲ್ಲಿ ಅವನ ಕೈ ಅಷ್ಟು ಪಳಗಿತ್ತು. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತಿರಬೇಕು. ಆದರೆ ದಪ್ಪ ಬಟ್ಟೆ ತಂದವರನ್ನು ಅವನು ಹೋದ ವರ್ಷದಿಂದ ವಾಪಸು ಕಳಿಸುತ್ತಿದ್ದ. ಕೋಟಿನ ಗಿರಾಕಿಗಳು ಬೈದುಕೊಂಡು ಹೋಗುತ್ತಿದ್ದರು. ಕಾರಣ ಹೇಳಿಕೊಳ್ಳುವಂಥದ್ದಲ್ಲ. ಮೆಷಿನ್ನಿನ ಸೂಜಿ ದಪ್ಪ ಬಟ್ಟೆಯೊಳಗೆ ಇಳಿದಾಗಲೆಲ್ಲ ಹೆಂಡತಿ ಹಲ್ಲು ಕಚ್ಚಿ ಉಸಿರೆಳೆದುಕೊಳ್ಳುವ ಸದ್ದು ಅವನ ಕಿವಿಗೆ ಬೀಳುತ್ತಿತ್ತು. ಆಕೆಯೋ ಎರಡು ಬೀದಿ ಆಚೆ ಮನೆಯಲ್ಲಿ, ತನ್ನ ಪಾಡಿಗೆ ಪಾತ್ರೆ ತೊಳೆಯುತ್ತಿರುತ್ತಿದ್ದಳು.

ಮದುವೆಯಾಗಿ ಎಷ್ಟೋ ಕಾಲದ ಮೇಲೆ, ಆಸ್ಪತ್ರೆಗೆ ಅಲೆದೂ ಅಲೆದೂ, ಹೋದ ವರ್ಷ ಬಸಿರು ನಿಂತಿತ್ತು. ಅದು ಜಾರದಿರಲೆಂದು ದಿನಾ ಒಂದು ಹಾರ್ಮೋನ್ ಇಂಜೆಕ್ಷನ್. ಔಷಧಿ ನೀರಿನಂತಿರದೆ ಎಣ್ಣೆಯಂತೆ ಮಂದವಾಗಿತ್ತು. ಸೂಜಿಯೂ ದಪ್ಪ, ಉದ್ದ. ಪೃಷ್ಠದ ಮೇಲ್ಭಾಗದ ಮಾಂಸದೊಳಕ್ಕೆ ಇಳಿಯಬೇಕು. ಹೊತ್ತು ಹುಟ್ಟಿದರೆ ಸೂಜಿ ಹಿಡಿಯುವ ಗಂಡನಿರುವಾಗ ಬೇರೆಯವರೇಕೆ? ಚುಚ್ಚುಮಾತು ಹೆಂಡತಿಯ ಪಾಲು, ಚುಚ್ಚುಮದ್ದು ಗಂಡನ ಪಾಲು ಎಂದು ಮನೆಯವರು ನಗೆಯಾಡಿದರು. ನಗು ವಾರದೊಳಗೆ ನಿಂತಿತು.

ಒಮ್ಮೆ ಗುರುತು ಮಾಡಿದ ಮೇಲೆ ಸೂಜಿ ಅಲ್ಲೇ ಬೀಳಬೇಕು ಎನ್ನುವುದು ದರ್ಜಿಯ ಕಸುಬು. ಆಸ್ಪತ್ರೆಯ ನರ್ಸಮ್ಮ ಮೊದಲ ದಿನ ಬಲಗಡೆ ತೋರಿಸಿದ ಜಾಗಕ್ಕೆ ಅವನು ಬಟ್ಟೆಗೆ ಗೀಟು ಹಾಕುವ ಸೀಮೆಸುಣ್ಣದಿಂದಲೇ ಗುರುತು ಹಾಕಿದ. ಮರುದಿನವೂ ಅಲ್ಲೇ, ಅದರ ಮರುದಿನವೂ ಅಲ್ಲೇ. ಎಣ್ಣೆ ಹರಡದೆ ಗಂಟು ಕಟ್ಟಿತು. ಆಕೆಗೆ ಮಗ್ಗುಲು ಹೊರಳುವುದೂ ಕಷ್ಟವಾಯಿತು. ಕೊನೆಗೆ ಇವತ್ತೊಂದು ದಿನ ಬಿಟ್ಟುಬಿಡಿ ಎಂದು ಕೈಮುಗಿದಳು. ಅವನು ಬಿಟ್ಟ. ಆ ವಾರವೇ ಬಸಿರು ಹೋಯಿತು. ಒಂದು ದಿನ ತಪ್ಪಿದ್ದಕ್ಕೆ ಹೀಗಾಗುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅವನು ತಲೆಯಾಡಿಸಿದ, ನಂಬಲಿಲ್ಲ.

ಈಗ ಮತ್ತೆ ಬಸಿರು, ಮತ್ತೆ ಅದೇ ಎಣ್ಣೆ. ತಾನು ಮುಟ್ಟಲಾರೆ ಎಂದು ಅವನು. ಬೇರೆಯವರು ಮುಟ್ಟಕೂಡದು ಎಂದು ಅವಳು. ನರ್ಸಮ್ಮ ಇಬ್ಬರನ್ನೂ ಕೂರಿಸಿಕೊಂಡರು. ಸೀಸೆಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದರೆ ಎಣ್ಣೆ ಸಲೀಸಾಗಿ ಹರಿಯುತ್ತದೆ. ಇಸ್ತ್ರಿಪೆಟ್ಟಿಗೆಯ ಮೇಲೆ ಇಡಬಹುದೇ ಎಂದು ಕೇಳಿದ ಕಾಜಾನಿಗೆ ಅವರ ನೋಟವೇ ಉತ್ತರವಾಯಿತು. ಬೋರಲು ಮಲಗಿ ಕಾಲ್ಬೆರಳು ಒಳಮುಖ ಮಾಡಿಕೊಂಡರೆ ಮಾಂಸ ಸಡಿಲವಾಗುತ್ತದೆ. ಸೂಜಿ ಬೇಗ ಇಳಿಯಬೇಕು, ಎಣ್ಣೆ ನಿಧಾನವಾಗಿ ಹೋಗಬೇಕು. ಆಮೇಲೆ ಮೆಲ್ಲಗೆ ತಿಕ್ಕಿ ಬಿಸಿ ಬಟ್ಟೆ ಇಡಬೇಕು.

"ಒಂದಿನ ಬಲ, ಒಂದಿನ ಎಡ. ಅದು ಮೈ ಅಣ್ಣಾ, ಬಟ್ಟೆ ಅಲ್ಲ," ಎಂದರು.

ಮರುದಿನ ಬೆಳಿಗ್ಗೆ ಅವನು ಮಂಚದ ತುದಿಯಲ್ಲಿ ಸೀಸೆಯನ್ನು ಎರಡೂ ಅಂಗೈಯೊಳಗೆ ಮುಚ್ಚಿಟ್ಟುಕೊಂಡು ಕೂತ. ಎಷ್ಟು ಹೊತ್ತಾದರೂ ಏಳಲಿಲ್ಲ.

"ಏನ್ರೀ, ಕಾವಿಗೆ ಕೂತ ಕೋಳಿ ಥರ ಕೂತಿದೀರ. ಮರಿ ಬರತ್ತಾ?" ಎಂದಳು ಹೆಂಡತಿ.

ಅಂದಮೇಲೆ ಇಬ್ಬರಿಗೂ ನಗು ಬರಲಿಲ್ಲ. ಅವನು ಎದ್ದು, ಈ ಸಲ ಎಡಗಡೆ ಚುಚ್ಚಿ, ಉಸಿರು ಬಿಗಿಹಿಡಿದು ನಿಧಾನವಾಗಿ ಒತ್ತಿದ. ಅವಳಿಂದ ಒಂದು ಸದ್ದೂ ಇಲ್ಲ. ನೋವಾಯಿತೇ ಎಂದು ಕೇಳಿದ. ಇಲ್ಲ ಎಂದಳು. ಗೆದ್ದೆ ಅಂದುಕೊಂಡು ತಿಕ್ಕತೊಡಗಿದಾಗ ಅವಳ ಭುಜ ನಡುಗುವುದು ಕಂಡಿತು.

"ಇಲ್ಲ ಅಂದ್ಯಲ್ಲೇ?"

"ಇಲ್ಲ ರೀ. ಅದಕ್ಕೇ ಭಯ. ಆವಾಗ ನೋವಾದಾಗಲೆಲ್ಲ, ಸದ್ಯ, ಮಗು ಒಳಗಿದೆ ಅಂದ್ಕೋತಿದ್ದೆ. ಬಿಡಿ ಅಂದ ದಿನ ನೋವು ಹೋಯ್ತು, ಹಿಂದೇನೇ ಅದೂ ಹೋಯ್ತು. ಇವತ್ತೂ ನೋವೇ ಇಲ್ಲ."

ಇಷ್ಟು ದಿನ ಆ ತಪ್ಪು ತನ್ನೊಬ್ಬನದೇ ಎಂದುಕೊಂಡಿದ್ದ ಅವನ ಕೈ ನಿಂತುಹೋಯಿತು. ನರ್ಸಮ್ಮ ಇದಕ್ಕೇನೂ ಹೇಳಿಕೊಟ್ಟಿರಲಿಲ್ಲ. ಸ್ಕ್ಯಾನಿಂಗ್ ಇನ್ನೂ ಬರುವ ವಾರ. ಅವನು ಬಿಸಿನೀರಲ್ಲಿ ಬಟ್ಟೆ ಅದ್ದಿ, ಹಿಂಡಿ, ತಂದು ಇಟ್ಟ.

"ಬಿಸಿ ತಾಗ್ತಿದೆಯಾ?"

"ಹ್ಞೂಂ."

"ಸದ್ಯಕ್ಕೆ ಅಷ್ಟು ಗೊತ್ತಾಯ್ತಲ್ಲ."

ಬಟ್ಟೆ ಆರಿತು. ಅವನು ಮತ್ತೆ ಅದ್ದಿ ತಂದ. ಅಂದು ಅಂಗಡಿಯ ಬಾಗಿಲು ತೆರೆಯಲಿಲ್ಲ.