ಅಳುವ ಮನೆಯ ರೊಟ್ಟಿ

ನನ್ನ ಅತ್ತೆ ಬೆಳೆದದ್ದು ಊರಿನಲ್ಲಲ್ಲ, ದನದ ಹಟ್ಟಿಯಲ್ಲಿ. ಕಲಘಟಗಿ ಕಡೆ, ಬಮ್ಮಿಗಟ್ಟಿಯಿಂದಲೂ ಆಚೆ, ಅಡವಿಯ ಅಂಚಿಗೆ ಅವರಪ್ಪನ ದನಗಳು, ಸುತ್ತ ಮುಳ್ಳುಬೇಲಿ, ನಡುವೆ ಒಂದು ಗುಡಿಸಲು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇನ್ನೊಂದು ಮನೆ ಇರಲಿಲ್ಲ. ಮದುವೆಯಾಗಿ ಕುಂದಗೋಳ ತಾಲೂಕಿನ ಕುಬಿಹಾಳಕ್ಕೆ ಬಂದಾಗ ಒಂದಕ್ಕೊಂದು ಗೋಡೆ ಹಚ್ಚಿಕೊಂಡು ನಿಂತ ಮನೆಗಳನ್ನು ನೋಡಿ, ‘ಇಷ್ಟ ಮಂದಿ ಒಂದ ಕಡೆ ಇರ್ತಾರಲ್ಲ, ಇವರಿಗೆ ಇನ್ನೇನ ಕಡಿಮಿ’ ಅಂದುಕೊಂಡರಂತೆ. ನಾನು ಅಣ್ಣಿಗೇರಿಯವಳು. ಬಾಜು ಮನೆಯವರ ಕೆಮ್ಮು, ಜಗಳ, ಒಗ್ಗರಣೆ ಎಲ್ಲವನ್ನೂ ಕೇಳಿಸಿಕೊಂಡೇ ಬೆಳೆದವಳು. ಮಂದಿ ಅಂದರೆ ನನಗೆ ಅಂಥ ಸಡಗರವೇನಿಲ್ಲ.

ಊರವರು ಅತ್ತೆಯನ್ನು ‘ಹಟ್ಟಿ ಆಯಿ’ ಎನ್ನುತ್ತಿದ್ದರು. ದನ ಕರೆದು ರೂಢಿಯಾದ ದನಿ. ಮೆಲ್ಲಗೆ ಮಾತಾಡುತ್ತಿದ್ದೇನೆ ಎಂದು ಅವರು ತಿಳಿದಾಗಲೂ ಮೂರು ಮನೆಗೆ ಕೇಳಿಸುತ್ತಿತ್ತು. ಯಾರದಾದರೂ ಎಮ್ಮೆ ಈಯುತ್ತಿದ್ದರೆ ಅಲ್ಲಿ ಇವರು, ಗಂಡಹೆಂಡಿರ ಜಗಳವಾದರೆ ಅಲ್ಲೂ ಇವರು. ಎಲ್ಲಕ್ಕಿಂತ ಹೆಚ್ಚಾಗಿ, ಸಾವಾದ ಮನೆಯಲ್ಲಿ ಇವರು.

ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಮಣ್ಣು ಕೊಡುವುದು ಮುಗಿದು ಮೂರನೆಯ ದಿನದ ಕಾರ್ಯವಾಗುವ ತನಕ ಆ ಮನೆಯವರಿಗೂ ಬಂದ ಬೀಗರಿಗೂ ಊರವರೇ ಉಣಿಸಬೇಕು. ಅಳುವ ಮನೆಯವರು ಬಾಯಿಬಿಟ್ಟು ಕೇಳುವ ಹಾಗಿಲ್ಲ. ಈ ಪದ್ಧತಿ ಅತ್ತೆ ಹುಟ್ಟಿಸಿದ್ದಲ್ಲ, ಮೊದಲಿನಿಂದ ಇತ್ತು. ಆದರೆ ನಡೆಸುವ ಹೊರೆ ಹೇಗೋ ಅವರ ತಲೆಗೆ ಬಂತು. ಅಳುವ ದನಿ ಕೇಳಿದರೆ ಸಾಕು, ಸೆರಗು ಸಿಕ್ಕಿಸಿಕೊಂಡು ಹೊರಟುಬಿಡುವರು. ಒಂದೊಂದು ಬಾಗಿಲಿಗೂ ನಿಂತು, ‘ನೀ ರೊಟ್ಟಿ ಬಡಿ. ನೀ ಬ್ಯಾಳಿ ಇಡು. ನಿನ್ನ ಕೈಯಾಗ ಉಪ್ಪ ಜಾಸ್ತಿ, ನೀ ಬರೇ ಅನ್ನ ಮಾಡು’ ಎಂದು ಹೇಳಿ ಮುಂದಿನ ಮನೆಗೆ ನಡೆಯುವರು. ಉಪ್ಪು ಜಾಸ್ತಿ ಅನ್ನಿಸಿಕೊಂಡವಳೂ ನಗುತ್ತಲೇ ಅಕ್ಕಿ ತೊಳೆಯುತ್ತಿದ್ದಳು. ಒಮ್ಮೆ ಊರ ಅಂಚಿನ ಓಣಿಗೆ ರೊಟ್ಟಿ ಒಯ್ಯಲು ಇಬ್ಬರು ಹಿಂದೆಮುಂದೆ ನೋಡಿದರು. ‘ಹಸಿವಿಗೆ ಯಾವ ಓಣಿ ಬೇ’ ಎಂದು ಅತ್ತೆ ಬುಟ್ಟಿಯನ್ನು ತಮ್ಮ ತಲೆಯ ಮೇಲೆ ಇಟ್ಟುಕೊಂಡು ನಡೆದರು. ಆ ಇಬ್ಬರೂ ಹಿಂದೆ ಹೋಗಬೇಕಾಯಿತು.

ಇತ್ತ ನಮ್ಮ ಮನೆಯಲ್ಲಿ ಎಮ್ಮೆ ಹಿಂಡುವವರಿಲ್ಲ, ಹಿಟ್ಟು ಬೀಸಿಸಿಕೊಂಡು ಬರುವವರಿಲ್ಲ. ‘ಮನೀಗೆ ಮಾರಿ, ಊರಿಗೆ ಉಪಕಾರಿ’ ಎಂದು ಅವರ ಕಿವಿಗೆ ಬೀಳುವ ಹಾಗೆ ಎಷ್ಟೋ ಸಲ ಅಂದಿದ್ದೇನೆ. ಅಂದದ್ದು ತಪ್ಪು ಎಂದು ನನಗೆ ಇವತ್ತಿಗೂ ಅನಿಸಿಲ್ಲ. ಅವರು ಕಟ್ಟೆಯ ಮೇಲೆ ಕೂತು, ‘ಮಾರಿ ದಣದ ಬಂದಾಳ, ಒಂದ ಕಪ್ ಚಾ ಮಾಡವಾ’ ಅನ್ನುತ್ತಿದ್ದರು. ಹಾಗಂದವರ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡುವುದು? ಚಹ ಮಾಡಿ ಕೊಡುತ್ತಿದ್ದೆ.

ಒಮ್ಮೆ ಅವರೇ ಕಾರಣ ಹೇಳಿದರು. ಹಟ್ಟಿಯಲ್ಲಿದ್ದಾಗ, ಅವರು ಇನ್ನೂ ಹುಡುಗಿ, ಅವರವ್ವ ತೀರಿಕೊಂಡಳು. ಅಪ್ಪ ಮಂದಿಗೆ ಸುದ್ದಿ ಮುಟ್ಟಿಸಲು ಹೋದ. ಮಳೆಗೆ ಹಳ್ಳ ಬಂದು ಆಚೆ ದಂಡೆಗೇ ಉಳಿದ. ‘ಸತ್ತ ಮನ್ಯಾಗ ಒಲಿ ಹಚ್ಚಬಾರದು ಅನ್ನೂದಷ್ಟ ನನಗ ಗೊತ್ತಿತ್ತು. ಹಚ್ಚಲಿಲ್ಲಂದ್ರ ಯಾರರ ತಂದು ಉಣಸ್ತಾರ ಅನ್ನೂದು ಗೊತ್ತಿರಲಿಲ್ಲ. ಬಾಜು ಮನಿ ಇದ್ರಲ್ಲ ಗೊತ್ತಾಗೂದು? ಆಕಳ ಹಿಂಡಿ ತಮ್ಮಗ, ತಂಗಿಗೆ ಹಸಿ ಹಾಲ ಕುಡಿಸಿದೆ. ಅವ್ವ ಅಲ್ಲೇ ಮಲಗಿದ್ದಳು.’ ಇಷ್ಟು ಹೇಳಿ ಅವರು ಎದ್ದು ಎಮ್ಮೆಗೆ ನೀರು ಕುಡಿಸಲು ಹೋದರು.

ವಯಸ್ಸಾದ ಮೇಲೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು, ನಡಿಗೆ ಮಾತ್ರ ಬರಲಿಲ್ಲ. ಆಗಲೂ ಊರಲ್ಲಿ ಸಾವಾದರೆ ಹೆಂಗಸರು ಅವರ ಹಾಸಿಗೆಯ ಬಳಿ ಬಂದು, ‘ನಾವ ಏನ ಮಾಡೂಣ್ರಿ ಆಯಿ?’ ಎಂದು ಕೇಳಿ ಹೋಗುತ್ತಿದ್ದರು. ಅವರು ಮಲಗಿದಲ್ಲಿಂದಲೇ ಹಂಚುತ್ತಿದ್ದರು. ಒಂದು ದಿನ ನನ್ನನ್ನು ಕರೆದು ಕೂಡ್ರಿಸಿಕೊಂಡರು.

‘ನಾ ಹೋದ ಮ್ಯಾಲೆ ಇದನ್ನ ನೀ ನಡಸ್ತೀಯೇನವಾ?’

‘ಇಲ್ಲರೀ ಅತ್ತ್ಯಾರ. ಮಂದಿ ಬಾಗಲಕ್ಕ ನಿಂತು ನೀ ಇದ ಮಾಡು, ನೀ ಅದ ಮಾಡು ಅನ್ನಾಕ ನನಗ ಬಾಯಿ ಬರೂದಿಲ್ಲ.’

‘ನಿನಗ ಬಾಯಿ ಬರೂದಿಲ್ಲ?’ ಎಂದು ಅಷ್ಟು ನೋವಿನಲ್ಲೂ ನಕ್ಕರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ, ‘ಹಂಗಾದ್ರ ಇದು ನನ್ನ ಕೂಡ ಮಣ್ಣಿಗೆ ಹೋಗ್ತದ’ ಅಂದರು. ಸಾಯುವ ಹೆದರಿಕೆ ಅವರಿಗಿರಲಿಲ್ಲ. ತಾವು ಸತ್ತ ಮೇಲೆ ಯಾವುದೋ ಮನೆಯಲ್ಲಿ ಮಕ್ಕಳು ಹಸಿದು ಕೂತಾವು ಎಂಬ ಹೆದರಿಕೆ ಇತ್ತು. ಅದು ಗೊತ್ತಿದ್ದೂ ನಾನು ಹೂಂ ಅನ್ನಲಿಲ್ಲ. ಸುಳ್ಳು ಹೂಂ ಅನ್ನುವ ಸ್ವಭಾವ ನನ್ನದಲ್ಲ.

ಅವರು ತೀರಿಕೊಂಡದ್ದು ಒಂದು ಮುಂಜಾನೆ, ಚಹ ಕುಡಿದ ಮೇಲೆ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಮಧ್ಯಾಹ್ನ ಮಣ್ಣಾಯಿತು. ಅಷ್ಟು ಮಂದಿ ಸೇರಿದ ಇನ್ನೊಂದು ಮಣ್ಣನ್ನು ನಾನು ಆ ಊರಲ್ಲಿ ಕಂಡಿಲ್ಲ. ಹೆಂಗಸರು ಹಾಡಿಕೊಂಡು ಅತ್ತರು, ಆಮೇಲೆ ಮೈ ತೊಳೆದುಕೊಳ್ಳಲು ತಮ್ಮ ತಮ್ಮ ಮನೆಗೆ ಹೋದರು. ದೀಪ ಹಚ್ಚುವ ಹೊತ್ತಾಯಿತು. ಒಬ್ಬರೂ ತಿರುಗಿ ಬರಲಿಲ್ಲ.

ಅತ್ತೆಯ ತವರು, ಬಮ್ಮಿಗಟ್ಟಿ ಕಡೆಯ ಬೀಗರು ಮುಂಜಾನೆಯಿಂದ ಖಾಲಿ ಹೊಟ್ಟೆಯಲ್ಲಿ ಪಡಸಾಲೆಯಲ್ಲಿ ಕೂತಿದ್ದರು. ನನ್ನ ಗಂಡನಿಗೆ ಸಕ್ಕರೆ ಕಾಯಿಲೆ, ಉಣ್ಣದೆ ಗುಳಿಗೆ ತೆಗೆದುಕೊಳ್ಳುವ ಹಾಗಿಲ್ಲ. ಹುಬ್ಬಳ್ಳಿಯಲ್ಲಿರುವ ಮೈದುನ ಮೊಬೈಲ್ ಕೈಯಲ್ಲಿ ಹಿಡಿದು ಬಂದ. ‘ವೈನಿ, ಕುಂದಗೋಳದ ಖಾನಾವಳಿಗೆ ಫೋನ್ ಹಚ್ಚಲೇನ್ರಿ? ಸ್ವಲ್ಪ ಹೊತ್ತಿನ್ಯಾಗ ಪಾರ್ಸಲ್ ಬರ್ತದ.’

‘ಬ್ಯಾಡ,’ ಅಂದರು ಗಂಡ. ‘ತರಸೂದೂ ಬ್ಯಾಡ, ಕೇಳೂದೂ ಬ್ಯಾಡ. ನೀರ ಕುಡದು ಮಲಗೂಣು.’ ಅವ್ವ ಸತ್ತದ್ದಕ್ಕಿಂತ ಅವ್ವನ ಮನೆಗೆ ರೊಟ್ಟಿ ಬರದೇ ಇದ್ದದ್ದು ಅವರನ್ನು ಹೆಚ್ಚು ಕೊರೆಯುತ್ತಿತ್ತು.

ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಇಡೀ ಜನ್ಮ ಉಣಿಸಿದ ಹೆಂಗಸಿನ ಮನೆಗೆ ಒಂದು ತುಂಡು ರೊಟ್ಟಿ ಇಲ್ಲವೇ? ಇವತ್ತು ನಮ್ಮ ಮನೆಗೆ ಪಾರ್ಸಲ್ ಬಂದರೆ ನಾಳೆ ಎಲ್ಲರ ಮನೆಗೂ ಬರುತ್ತದೆ. ಫೋನ್ ಹಚ್ಚಲು ರೊಕ್ಕವಿಲ್ಲದವರು ಹಸಿದಿರುತ್ತಾರೆ. ಕೇಳಬಾರದು ಎಂಬ ಪದ್ಧತಿಯನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು ಎದುರು ಮನೆಗೆ ಹೋದೆ, ನಾಲ್ಕು ಮಾತು ಅಂದೇ ಬರುವುದೆಂದು.

ಎದುರು ಮನೆಯಾಕೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಮುಂದೆ ಬುಟ್ಟಿ ತುಂಬ ರೊಟ್ಟಿ, ಮೇಲೆ ಬಿಳಿ ಅರಿವೆ ಮುಚ್ಚಿತ್ತು. ನನ್ನನ್ನು ನೋಡಿ ಗಾಬರಿಯಾಗಿ ಎದ್ದಳು.

‘ಆಗಲೇ ಬಡದ ಇಟ್ಟೀನ್ರಿ ಅಕ್ಕಾರ. ಯಾರರ ಬಂದು ಹೇಳ್ತಾರ ಅಂತ ಹಾದಿ ನೋಡಾಕತ್ತೀನಿ.’

‘ಹೇಳೋರು ಮಧ್ಯಾಹ್ನ ಮಣ್ಣಾಗ ಹೋದರಲ್ಲವಾ,’ ಅಂದೆ.

ಅವಳು ಹಣೆ ಚಚ್ಚಿಕೊಂಡು ಕೂತುಬಿಟ್ಟಳು. ಬಾಜು ಮನೆಯಲ್ಲೂ ಹಾಗೇ, ಅದರಾಚೆ ಮನೆಯಲ್ಲೂ ಹಾಗೇ. ಓಣಿ ತುಂಬ ಒಲೆ ಹೊತ್ತಿ ಆರಿದ್ದವು. ಎಲ್ಲರೂ ಮಾಡಿಟ್ಟುಕೊಂಡು, ಬಾಗಿಲಿಗೆ ಬಂದು ಹೇಳುವವರಿಗಾಗಿ ಕಾಯುತ್ತಿದ್ದರು. ನಾಲ್ಕು ಮಾತು ಅನ್ನಲು ಬಂದವಳು ನಾನು. ‘ನಡೀರಿ, ಹೋಗೂಣು,’ ಎಂದಷ್ಟೇ ಅಂದೆ.

ಪಡಸಾಲೆಯಲ್ಲಿ ಬುಟ್ಟಿಗಳನ್ನು ಬಿಚ್ಚಿದರೆ ಎಲ್ಲದರಲ್ಲೂ ರೊಟ್ಟಿಯೇ. ನೀನು ಬೇಳೆ ಇಡು ಎಂದು ಯಾರೂ ಹೇಳಿರಲಿಲ್ಲ, ಹಾಗಾಗಿ ಯಾರೂ ಬೇಳೆ ಇಟ್ಟಿರಲಿಲ್ಲ. ಗುಡ್ಡೆ ರೊಟ್ಟಿಗೆ ಶೇಂಗಾ ಚಟ್ನಿ, ಒಂದಿಷ್ಟು ಮೊಸರು. ಬೀಗರಲ್ಲಿ ಒಬ್ಬ ಮುದುಕ ಒಣರೊಟ್ಟಿ ಅಗಿಯುತ್ತ, ‘ಕುಬಿಹಾಳದಾಗ ಬ್ಯಾಳಿ ಬೆಳ್ಯೂದಿಲ್ಲೇನ್ರಿ?’ ಎಂದು ಕೇಳಿದ. ಅಳುತ್ತಿದ್ದವರೂ ಸೇರಿ ಎಲ್ಲರೂ ನಕ್ಕೆವು. ನನಗೆ ಅತ್ತೆಯ ಮೇಲೇ ಸಿಟ್ಟು ಬಂತು. ಇಷ್ಟು ವರ್ಷ ಎಲ್ಲವನ್ನೂ ತಾವೇ ಹೇಳಿ ಹೇಳಿ, ಹೇಳದೆ ಮಾಡುವುದನ್ನು ಒಬ್ಬರಿಗೂ ಕಲಿಸಲಿಲ್ಲವಲ್ಲ. ಆ ಸಿಟ್ಟಿನ ಹಿಂದೆಯೇ ಅಳು ಬಂತು. ಆ ದಿನ ನಾನು ಅತ್ತದ್ದು ಆಗಲೇ.

ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಹೆಂಗಸರು ಕಟ್ಟೆಗೆ ಕೂತರು. ‘ಇನ್ನ ನಮಗ ಹೇಳೋರು ಯಾರ್ರಿ?’ ಎಂದು ಒಬ್ಬಳು ನನ್ನ ಮುಖ ನೋಡಿದಳು. ಉಳಿದವರೂ ನೋಡಿದರು.

‘ಯಾರೂ ಹೇಳೂದಿಲ್ಲ,’ ಅಂದೆ. ‘ಅಳೂದು ಕೇಳಿದ ಕೂಡಲೇ ಒಲಿ ಹಚ್ರಿ. ಸತ್ತ ಮನಿ ಬಲಗಡೆಯವರು ರೊಟ್ಟಿ, ಎಡಗಡೆಯವರು ಬ್ಯಾಳಿ, ಎದುರಿನವರು ಅನ್ನ. ಮರುದಿನ ಅದರಾಚಿ ಮನಿಯವರು. ನಾಳೆ ನಾ ಸತ್ತ ದಿನ ನಿಮ್ಮನ್ನ ಕರ್ಯಾಕ ನಾ ಎದ್ದ ಬರೂದಿಲ್ಲ.’

ಒರಟಾಗಿ ಅಂದೆ. ಯಾರೂ ತಪ್ಪು ತಿಳಿಯಲಿಲ್ಲ.

ಹೋದ ಬೇಸಿಗೆಯಲ್ಲಿ ಮಿಶ್ರಿಕೋಟಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಸಂಜೆ ಬಸ್ಸಿಳಿದಾಗ, ಕೆಳಗಿನ ಓಣಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನವನು ಎದೆನೋವಿನಿಂದ ಹೋದ ಎಂದು ಗೊತ್ತಾಯಿತು. ಊಟಕ್ಕೆ ಯಾರು ಏನು ಮಾಡಿದರೋ ಎಂದು ಹೆದರಿದೆ. ರೇಷ್ಮೆ ಸೀರೆಯಲ್ಲೇ ಆ ಓಣಿಗೆ ನಡೆದೆ. ದಾರಿಯಲ್ಲಿ ಖಾಲಿ ಬುಟ್ಟಿ ಹಿಡಿದುಕೊಂಡು ಹೆಂಗಸರು ಎದುರಾದರು. ‘ಎಲ್ಲಾ ಆತ್ರಿ ಅಕ್ಕಾರ, ಬೀಗರೂ ಉಂಡ್ರು,’ ಎಂದು ಹೇಳಿ ಮುಂದೆ ಹೋದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅತ್ತೆ ಇದ್ದಿದ್ದರೆ, ತಮ್ಮನ್ನು ಕೇಳದೆ ಮಾಡಿದರಲ್ಲ ಎಂದು ಒಂದು ಗಳಿಗೆ ಮುಖ ಊದಿಸಿಕೊಳ್ಳುತ್ತಿದ್ದರು.

ಆ ಮನೆಯ ಒಳಗೆ ಹೋದೆ. ಒಲೆ ತಣ್ಣಗಿತ್ತು. ಎರಡು ಮಕ್ಕಳು ಹೊಟ್ಟೆ ತುಂಬಿ, ಕೈಗೆ ಬೇಳೆ ಹತ್ತಿಸಿಕೊಂಡು, ಅಲ್ಲೇ ಚಾಪೆಯ ಮೇಲೆ ನಿದ್ದೆ ಹೋಗಿದ್ದವು.