ಬೇರು ನೋಡಲು ಬಂದವರು

ಹೆಣ್ಣು ನೋಡಲು ಬಂದವರ ಮೇಲೆ ಹೆಣ್ಣೇ ಕಿರುಚಿದರೆ ಏನಾಗುತ್ತದೆ? ಕಳೆದ ಭಾನುವಾರ ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ಆದದ್ದು ಅದೇ.

ಹುಡುಗಿ ವಾಣಿ, ಸಿರುಗುಪ್ಪದ ನನ್ನ ಅಕ್ಕನ ಮಗಳು. ಬಳ್ಳಾರಿಯಲ್ಲಿ ಸಸ್ಯಗಳ ಮೇಲೆ ರಿಸರ್ಚ್ ಮಾಡುತ್ತ ನಮ್ಮಲ್ಲೇ ಇದ್ದಾಳೆ. ಈ ಮೊದಲು ಬಂದ ಎರಡು ಮನೆಯವರು, ಹುಡುಗಿಗೆ ಮಾತೇ ಬರುವುದಿಲ್ಲ ಎಂದು ಬೇಡವೆಂದಿದ್ದರು. ಈ ಸಲ ಅಕ್ಕ ಸಿರುಗುಪ್ಪದಿಂದ ತಾನೇ ಬಂದಿದ್ದಳು. (“ಎರಡು ಮಾತರ ಆಡವಾ ತಾಯಿ” ಎಂದು ಬೆಳಗಿನಿಂದ ಗೋಗರೆಯುತ್ತಿದ್ದಳು.)

ಕುರುಗೋಡಿನಿಂದ ಹುಡುಗ ಮಂಜುನಾಥ, ಅವನ ತಾಯಿ ಬಂದರು. ಹುಡುಗ ಹೈಸ್ಕೂಲ್ ಮೇಷ್ಟ್ರು. ಹಾಲ್‌ನಲ್ಲಿ ಹಗಲೇ ಟ್ಯೂಬ್‌ಲೈಟು, ತಟ್ಟೆಯಲ್ಲಿ ಉಪ್ಪಿಟ್ಟು, ನಡುವೆ ಕುರ್ಚಿಯಲ್ಲಿ ವಾಣಿ. ಏನು ಕೇಳಿದರೂ ‘ಹ್ಞೂಂ’, ‘ಇಲ್ಲ’. ಕಣ್ಣು ನೆಲದಲ್ಲಿ.

ಹುಡುಗನ ತಾಯಿ ಕೈ ತೊಳೆಯಲು ಅಡುಗೆಮನೆಗೆ ಹೋದರು. ಅಲ್ಲಿ ಕಿಟಕಿಯಲ್ಲಿ ವಾಣಿ ಸಸಿ ಬೆಳೆಸುವ ಚಪ್ಪಟೆ ಪ್ಲೇಟುಗಳು ನಿಂತಿದ್ದವು. (ಲ್ಯಾಬಿನಲ್ಲಿ ವೈರಿಂಗ್ ಕೆಲಸ, ಸಸಿಗಳು ನಮ್ಮ ಮನೆಯ ಅತಿಥಿಗಳು.) ಒಳಗೆಲ್ಲ ಕಾಣುವ ಪ್ಲಾಸ್ಟಿಕ್ಕು. ಎಲೆಯಿರುವ ಭಾಗ ಬಯಲು, ಕೆಳಗೆ ಸುತ್ತ ಕಪ್ಪು ಕಾಗದ. ಅವರು ಒಂದನ್ನು ಎತ್ತಿ ಕಾಗದ ಸರಿಸಲು ಹೋದರು.

“ಬ್ಯಾಡ್ರೀ! ತೆಗೀಬ್ಯಾಡ್ರಿ ಅದನ್ನ!”

ಹಾಲ್‌ನಿಂದಲೇ ಅದನ್ನು ಕಂಡು ವಾಣಿ ಓಡಿ ಬಂದಿದ್ದಳು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಮೂರನೆಯದೂ ಹೋಯಿತಲ್ಲ ಎಂದುಕೊಂಡೆ.

“ಯಾಕವಾ, ಒಳಗ ಬಂಗಾರ ಇಟ್ಟೀ ಏನು?” ಎಂದರು ಹುಡುಗನ ತಾಯಿ.

“ಬೇರು ಅದಾವ್ರಿ. ಬೇರು ಇರೋದು ಮಣ್ಣಾಗ, ಕತ್ತಲದಾಗ. ಪ್ಲೇಟಿನಾಗ ಬೆಳಿಸಿದ್ರ ಎಲಿಗೂ ಬೆಳಕು, ಬೇರಿಗೂ ಬೆಳಕು. ಬೆಳಕು ಬಿದ್ರ ಅವು ತಪ್ಪಿಸ್ಕೊಳ್ಳಾಕ ನೋಡ್ತಾವ, ಬ್ಯಾರೆ ಕಡಿ ಹೊಳ್ಳತಾವ, ಗಿಡ್ಡ ಆಗ್ತಾವ. ಅದನ್ನ ಅಳದು ‘ಬೇರು ಅಂದ್ರ ಹಿಂಗ’ ಅಂತ ಬರದ್ರ ಸುಳ್ಳಾಗ್ತೈತ್ರಿ. ಅದಕ್ಕs ಕಪ್ಪು ಕಾಗದ.” ಒಂದೇ ಉಸಿರಿನಲ್ಲಿ!

ಆಕೆ ಪ್ಲೇಟನ್ನು ಮೆಲ್ಲಗೆ ಇಟ್ಟರು. “ಇಷ್ಟು ಮಾತು ಬರ್ತಾವಲ್ಲವಾ ನಿನಗ! ಹೊರಗ ಕುಂತಾಗ ಬಾಯಿಗೆ ಏನಾಗಿತ್ತು?”

“ಅಲ್ಲಿ ಎಲ್ಲಾರೂ ನನ್ನs ನೋಡಾಕತ್ತಿದ್ರಲ್ರೀ.”

ಆಕೆ ನಕ್ಕು, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. “ಲೇ ಮಂಜ್ಯಾ, ಬಾ ಇಲ್ಲಿ. ಆದ್ರ ಯಾವದಕ್ಕೂ ಕೈ ಹಚ್ಚಬ್ಯಾಡಪ್ಪ, ಬೈಸ್ಕೊಂತಿ!”

ವಾಣಿಯೂ ನಕ್ಕಳು. ಮೇಷ್ಟ್ರು ಬಾಗಿಲಲ್ಲಿ ಕೈಕಟ್ಟಿ ನಿಂತು ಪಾಠ ಕೇಳಿದರು. ಚಹಾ ಅಲ್ಲೇ ಆಯಿತು.

ಹೊರಡುವಾಗ ಆಕೆ ಹೇಳಿದರು: “ನಮ್ಮದು ಆಮ್ಯಾಲೆ ಹೇಳ್ತೀವಿ. ಮದ್ಲ ನೀ ಕುರುಗೋಡಿಗೆ ಬಾ. ಈ ಮಂಜ್ಯಾನ್ನ ನಡುಮನ್ಯಾಗ ಕುಂಡ್ರಸ್ತೀನಿ. ಇವನ ಬಾಯಾಗ ಎಷ್ಟು ಮಾತು ಬರ್ತಾವ ನೀನs ನೋಡು.”

ಹೋಗುತ್ತೇನೆ ಎಂದಿದ್ದಾಳೆ ವಾಣಿ. ಅಕ್ಕ ಇನ್ನೂ ಗಾಬರಿಯಲ್ಲೇ ಇದ್ದಾಳೆ.

ಅದಿರಲಿ, ಅಷ್ಟು ಬೆಳಕಿನಲ್ಲಿ ಕೂರಿಸಿ ನಾವೆಲ್ಲ ಇಷ್ಟು ವರ್ಷ ನೋಡಿ ಬಂದದ್ದು ಯಾವ ಹುಡುಗಿಯನ್ನು?