ರಸ್ತೆಗೆ ಮುಖ ಮಾಡಿದ ಕಕ್ಕಸು

ಆಗ ನನಗೆ ಹತ್ತೊಂಬತ್ತು. ಅರವತ್ತೈದು ವರ್ಷದ ಮೇಲಾಯಿತು. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ನಗಲಿ, ನಗುವ ವಿಷಯವೇ. ನನಗೆ ಮಾತ್ರ ಇವತ್ತಿಗೂ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ನನ್ನ ಯಜಮಾನರು ಗ್ರಾಮಸೇವಕರು. ಬೇಸಾಯದ ಕಾಲೇಜಿನವರು ನಮ್ಮ ಸೀಮೆಯಲ್ಲಿ ಒಂದು ವಿಸ್ತರಣಾ ಕೇಂದ್ರ ತೆರೆದಿದ್ದರು. ಕಾಲೇಜಿನಲ್ಲಿ ಇರುವ ವಿದ್ಯೆಯನ್ನು ಹಳ್ಳಿಗೆ ಮುಟ್ಟಿಸುವುದು ಆ ಕೇಂದ್ರದ ಕೆಲಸ, ಮುಟ್ಟಿಸಲು ಅಲೆಯುವುದು ಗ್ರಾಮಸೇವಕರ ಕೆಲಸ. ಬಿತ್ತನೆ ಬೀಜ, ಗೊಬ್ಬರದ ಗುಂಡಿ, ಕೋಳಿಗೆ ಸೂಜಿಮದ್ದು, ಎಲ್ಲ ಅವರ ತಲೆಗೇ. ಒಂದು ಸೈಕಲ್ಲು ಕೊಟ್ಟಿದ್ದರು. ಹುಣಸೂರಿಂದ ಕಟ್ಟೆಮಳಲವಾಡಿಗೆ ಹೋಗುವ ದಾರಿ ಬದಿಯ ಒಂದು ಹಳ್ಳಿಯಲ್ಲಿ ನಮ್ಮ ಮನೆ. ಊರವರು ಯಜಮಾನರನ್ನು ಸೇವಕಪ್ಪ ಅಂದರು. ಕಂಪಲಾಪುರದಿಂದ ಲಗ್ನವಾಗಿ ಬಂದ ನಾನು ಸೇವಕಮ್ಮ ಆದೆ.

ಯಜಮಾನರಿಗೆ ಒಂದೇ ಆಸೆ. ವರ್ಷಕ್ಕೆ ಒಬ್ಬ ಗ್ರಾಮಸೇವಕನನ್ನು ಕೇಂದ್ರದವರು ಆರಿಸಿ ಕಾಲೇಜಿಗೆ ಕಳಿಸುತ್ತಿದ್ದರು. ಅಲ್ಲಿ ಒಂದು ವರ್ಷ ತರಬೇತಿ ಮುಗಿಸಿ ಬಂದವನು ಅಧಿಕಾರಿ. ಸೈಕಲ್ಲು ಬಿಟ್ಟು ಜೀಪು ಹತ್ತುತ್ತಾನೆ. ಆ ವರ್ಷ ಹೋಗುವವನು ತಾನೇ ಅಂತ ಯಜಮಾನರು ಖಂಡಿತ ಮಾಡಿಕೊಂಡಿದ್ದರು. ಕೇಂದ್ರದ ದೊಡ್ಡ ಸಾಹೇಬರೂ ಹಾಗೇ ಮಾತಾಡಿದ್ದರಂತೆ. "ಕಕ್ಕಸು ಒಂದು ಆಗಲಿ ನೋಡೋಣ" ಅಂದಿದ್ದರಂತೆ.

ಊರಿನಲ್ಲಿ ಯಾರ ಮನೆಯಲ್ಲೂ ಕಕ್ಕಸು ಇರಲಿಲ್ಲ. ಜನಕ್ಕೆ ಹೇಳುವ ಮೊದಲು ಗ್ರಾಮಸೇವಕ ತನ್ನ ಮನೆಯಲ್ಲಿ ಕಟ್ಟಿಸಿಕೊಳ್ಳಬೇಕು, ನೋಡಿದವರು ಕಲಿಯುತ್ತಾರೆ ಅಂತ ಕೇಂದ್ರದ ಲೆಕ್ಕಾಚಾರ. ಹಿತ್ತಲಲ್ಲಿ ಕಟ್ಟಿದರೆ ಯಾರಿಗೆ ಕಾಣುತ್ತದೆ? ಅದಕ್ಕೆ ಮನೆಯ ಮುಂದೆ, ಬಾವಿಗೆ ಹೋಗುವ ದಾರಿಯ ಮಗ್ಗುಲಲ್ಲಿ, ರಸ್ತೆಗೆ ಬಾಗಿಲು ಮಾಡಿ ಕಟ್ಟಿದರು. ಮಣ್ಣಿನ ಗೋಡೆ, ತಗಡಿನ ಬಾಗಿಲು, ಒಳಗೆ ಸಿಮೆಂಟಿನ ಬೋಗುಣಿ, ಅದರ ಕೆಳಗೆ ಗುಂಡಿ, ಕಾಲಿಡಲು ಎರಡು ಕಟ್ಟೆ. ಬಾಗಿಲ ಮೇಲೆ ಮಾದರಿ ಕಕ್ಕಸು ಅಂತ ಬರೆದ ಒಂದು ಬೋರ್ಡು. ತಗಡಿನ ಬಾಗಿಲು ತೆರೆದರೆ ನಾಯಿಯ ಬಾಲ ತುಳಿದ ಹಾಗೆ ಕಿರುಚುತ್ತಿತ್ತು.

ನೀವೇ ಹೇಳಿ, ಹತ್ತೊಂಬತ್ತರ ಸೊಸೆ ಕೈಯಲ್ಲಿ ಚೊಂಬು ಹಿಡಿದು, ಗಂಡಸರು ಎತ್ತು ಹೊಡೆದುಕೊಂಡು ಹೋಗುವ ದಾರಿಯಲ್ಲಿ, ಆ ಬೋರ್ಡಿನ ಕೆಳಗೆ ನುಗ್ಗುವುದು ಹೇಗೆ? ಒಂದು ಸಲ ಹೋದೆ. ಇಲ್ಲ ಅನ್ನುವುದಿಲ್ಲ. ಸಂಜೆ ಮಬ್ಬಾಗಲಿ ಅಂತ ಕಾದು, ಸೆರಗಿನಲ್ಲಿ ಚೊಂಬು ಮುಚ್ಚಿಕೊಂಡು ಹೋಗಿ ಬಾಗಿಲಿಗೆ ಕೈಹಾಕಿದೆ. ಕಿರ್ರೋ ಅಂತು. ಹೊಗೆಸೊಪ್ಪಿನ ಗಾಡಿ ಹೊಡೆದುಕೊಂಡು ಬರುತ್ತಿದ್ದವನು ಎತ್ತು ನಿಲ್ಲಿಸಿಬಿಟ್ಟ.

"ಏನ್ ಸೇವಕಮ್ಮಾರೇ, ಇವತ್ತೇನಾ ಗೃಹಪ್ರವೇಶ?"

ಗಾಡಿಯ ಹಿಂದೆ ಕುಂತಿದ್ದವನು, "ಓಳ್ಗೆ ಊಟ ಆಕ್ಸಾಕಿಲ್ವಾ?" ಅಂದ.

ಬಾವಿಕಟ್ಟೆಯಲ್ಲಿದ್ದವರೆಲ್ಲ ನಕ್ಕರು. ನಾನು ಚೊಂಬಿನ ನೀರನ್ನು ಅಲ್ಲೇ ನುಗ್ಗೆಗಿಡಕ್ಕೆ ಹುಯ್ದು, ಗಿಡಕ್ಕೆ ನೀರು ಹಾಕಲೆಂದೇ ಬಂದವಳ ಹಾಗೆ ಮನೆಯೊಳಗೆ ಹೋದೆ. ಆಮೇಲೆ ಆ ಬಾಗಿಲಿನ ಒಳಗೆ ಆ ಕೆಲಸಕ್ಕೆ ಕಾಲಿಡಲಿಲ್ಲ.

ಊರ ಹೆಂಗಸರು ಹೋಗುತ್ತಿದ್ದುದು ಕೆರೆ ಏರಿಯ ಹಿಂದಕ್ಕೆ, ಕಳ್ಳಿ ಬೇಲಿಯ ಮರೆಗೆ. ಕೋಳಿ ಕೂಗುವ ಮುಂಚೆ ಎದುರುಮನೆ ಅಜ್ಜಿ ಬಂದು ಬಾಗಿಲು ಬಡಿಯುತ್ತಿದ್ದಳು. ಐದಾರು ಜನ ಒಟ್ಟಿಗೆ ಹೊರಡುತ್ತಿದ್ದೆವು. ಅತ್ತೆ ಬೈದದ್ದು, ಗಂಡ ಹೊಡೆದದ್ದು, ಯಾರಿಗೆ ತಿಂಗಳು ನಿಂತಿದೆ, ಯಾರ ಹಸು ಒದೆಯುತ್ತದೆ, ಎಲ್ಲ ಮಾತೂ ಆ ದಾರಿಯಲ್ಲೇ. ಮನೆಗೆ ಬಂದ ಮೇಲೆ ಒಲೆ, ಕಸ, ಕೊಟ್ಟಿಗೆ. ಮಾತಿಗೆ ಎಲ್ಲಿ ಹೊತ್ತು? ಹೊಸ ಊರಿನಲ್ಲಿ ನನಗೆ ನಾಲ್ಕು ಜನ ಆದದ್ದು ಹಾಗೆ.

"ಅದ್ಯಾಕವ್ವ ನಮ್ ಜತೆ ಬತ್ತೀಯೆ? ನಿಂಗೆ ಅರಮನೆ ಕಟ್ಟವ್ರಲ್ಲ" ಅಂತ ಅಜ್ಜಿ ಕಿಚಾಯಿಸುತ್ತಿದ್ದಳು.

"ಅರಮನೇಲಿ ಒಬ್ಳೇ ಕುಂತ್ಕಂಡು ಯಾರ್ ಜತೆ ಮಾತಾಡ್ಲಿ ಬುಡಜ್ಜಿ" ಅನ್ನುತ್ತಿದ್ದೆ.

"ನಮ್ಮನೆ ದೇವ್ರಿಗೇ ತಗಡಿನ್ ಬಾಗ್ಲಿಲ್ಲ ಕಣೇ, ನಿಮ್ಮನೇಲಿ ಅದುಕ್ಕೂ ಅದೆ."

ಯಜಮಾನರು? ಅವರು ಬೆಳಿಗ್ಗೆ ಸೈಕಲ್ಲು ಹತ್ತಿ ಹೊಳೆಯ ದಂಡೆಗೆ ಹೋಗುತ್ತಿದ್ದರು. ಮೊದಲೂ ಅಲ್ಲಿಗೇ, ಕಕ್ಕಸು ಕಟ್ಟಿಸಿದ ಮೇಲೂ ಅಲ್ಲಿಗೇ. ಅಲ್ಲಿಂದ ಹಾಗೇ ಹಳ್ಳಿಗಳಿಗೆ ಹೋಗಿ, ಕಕ್ಕಸು ಯಾಕೆ ಬೇಕು, ಬಯಲಿಗೆ ಹೋದರೆ ಏನೇನು ರೋಗ ಬರುತ್ತದೆ, ನಮ್ಮ ಮನೆಯಲ್ಲಿ ನಾವು ಹೇಗೆ ಬಳಸುತ್ತಿದ್ದೇವೆ ಅಂತ ಭಾಷಣ ಮಾಡಿ ಬರುತ್ತಿದ್ದರು. ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆದರೆ ರಸ್ತೆಗೆ ಮುಖ ಮಾಡಿ ನಿಂತಿರುವುದು ಗಲೀಜಾಗಿದ್ದರೆ ಮಾತು ಬರುವುದು ಮನೆಯವಳಿಗೆ. ಅದಕ್ಕೆ ದಿನಾ ಅದರ ಮುಂದೆ ಸಗಣಿ ನೀರು ಹಾಕಿ ರಂಗೋಲಿ ಬಿಡುತ್ತಿದ್ದೆ. ಗೋಡೆಗೆ ಸುಣ್ಣ ಬಳಿದೆ, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆದೆ. ದಾರಿಯಲ್ಲಿ ಹೋಗುವವರು ಬೋರ್ಡು ಓದಲು ಬಾರದೆ ಗುಡಿ ಅಂದುಕೊಂಡು ಕೈ ಮುಗಿದದ್ದೂ ಉಂಟು. ನಾನು ಬೇಡ ಅನ್ನಲಿಲ್ಲ.

ಕೇಂದ್ರದವರ ತಿಂಗಳ ಸಭೆ ಒಂದೊಂದು ಸಲ ಒಂದೊಂದು ಊರಿನಲ್ಲಿ ನಡೆಯುತ್ತಿತ್ತು. ಆ ತಿಂಗಳು ನಮ್ಮ ಊರಿನ ಪಾಳಿ ಬಂತು. ಕಾಲೇಜಿಗೆ ಹೋಗುವವನ ಹೆಸರು ಓದುವುದೂ ಅಂದೇ. ಅಷ್ಟೇ ಸಾಲದು ಅಂತ, ಹೊಸದಾಗಿ ತರಬೇತಿಗೆ ಸೇರಿದ್ದ ಗ್ರಾಮಸೇವಕರ ಒಂದು ತಂಡವನ್ನು ಕಾಲೇಜಿನ ಒಬ್ಬ ಮೇಡಂ ಕರೆದುಕೊಂಡು ಬರುತ್ತಾರೆ, ನಮ್ಮ ಕಕ್ಕಸನ್ನು ಅವರಿಗೆ ತೋರಿಸಬೇಕು ಅಂತ ಯಜಮಾನರು ಹೇಳಿದರು. ಹಿಂದಿನ ದಿನ ಪೂರ್ತಿ ನಾನು ಅದನ್ನೇ ಒರೆಸಿ ಬಳಿದೆ. ಬೆಳಿಗ್ಗೆ ಎದ್ದು ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದೆ. ಒಳಗಿನ ಎರಡು ಕಾಲುಕಟ್ಟೆಯ ಮೇಲೂ ಒಂದೊಂದು ಕಮಲದ ರಂಗೋಲಿ ಬಿಟ್ಟೆ. ಚೆನ್ನಾಗಿ ಕಾಣಲಿ ಅಂತ. ಬೇರೆ ಯೋಚನೆ ಇರಲಿಲ್ಲ.

ಜೀಪಿನಲ್ಲಿ ಬಂದರು. ದೊಡ್ಡ ಸಾಹೇಬರು, ಮೇಡಂ, ಹಿಂದಿನ ಲಾರಿಯಲ್ಲಿ ಖಾದಿ ತೊಟ್ಟ ಹುಡುಗರು. ಊರಿನವರೂ ಸೇರಿದರು. ಯಜಮಾನರು ಕೋಲು ಹಿಡಿದು ಗುಂಡಿ ಎಷ್ಟು ಆಳ, ವಾಸನೆ ಯಾಕೆ ಬರುವುದಿಲ್ಲ ಅಂತ ಪಾಠ ಮಾಡಿದರು. ನಿಜಕ್ಕೂ ಚೆನ್ನಾಗಿ ಹೇಳಿದರು. ನಾನು ಮನೆ ಬಾಗಿಲ ಸಂದಿಯಲ್ಲಿ ನಿಂತು ಹೆಮ್ಮೆ ಪಟ್ಟೆ.

ಮೇಡಂ ಒಳಗೆ ಇಣುಕಿದರು. ಆಮೇಲೆ ಮೆತ್ತಗೆ ನನ್ನ ಕಡೆ ತಿರುಗಿ, "ತುಂಬಾ ಚೆನ್ನಾಗಿ ಇಟ್ಕೊಂಡಿದ್ದೀರಮ್ಮ. ಆದರೆ ಈ ಕಮಲದ ಮೇಲೆ ಕಾಲಿಡೋದು ಹೇಗೆ?" ಅಂದರು.

ಹುಡುಗರು ಕಿಸಿಕ್ ಅಂದರು. ಮೇಡಂ ಒಂದು ಚೊಂಬು ನೀರು ಕೇಳಿ ಬೋಗುಣಿಗೆ ಹುಯ್ದರು. ನೀರು ಇಳಿಯಲಿಲ್ಲ. ತುಂಬಿಕೊಂಡು ನಿಂತಿತು, ಕನ್ನಡಿಯ ಹಾಗೆ. ಇನ್ನೊಂದು ಚೊಂಬು ಹುಯ್ದರೆ ಕಮಲದ ಮೇಲೆ ಹರಿಯಿತು. ಒಬ್ಬ ಹುಡುಗ ಯಜಮಾನರ ಕೈಯಿಂದಲೇ ಕೋಲು ಇಸಕೊಂಡು ಗುಂಡಿಯ ಬಾಯಿಗೆ ತಿವಿದು ಎಳೆದ. ಒಣಹುಲ್ಲಿನ ಮುದ್ದೆ ಬಂತು. ಸಿಮೆಂಟು ಒಳಗೆ ಬೀಳದಿರಲಿ ಅಂತ ಕಟ್ಟುವ ದಿನ ಗಾರೆಯವನು ತುರುಕಿದ್ದು. ಕಟ್ಟಿ ಎಷ್ಟೋ ತಿಂಗಳಾಗಿತ್ತು. ಹುಲ್ಲು ತುರುಕಿದ ಹಾಗೇ ಇತ್ತು.

ನಗು ಅಂದರೆ ಅಂಥ ನಗು. ಊರವರು ಬಯಲಾಟ ನೋಡಿದ ಹಾಗೆ ನಕ್ಕರು.

ದೊಡ್ಡ ಸಾಹೇಬರು ನಗಲಿಲ್ಲ. "ಏನ್ರೀ ಇದು?" ಅಂದರು ಯಜಮಾನರಿಗೆ.

ಯಜಮಾನರು ಹುಲ್ಲಿನ ಮುದ್ದೆ ನೋಡಿದರು. ನನ್ನನ್ನು ನೋಡಿದರು. "ನಮ್ಮ ಮನೆಯವಳಿಗೆ ಎಷ್ಟು ಹೇಳಿದರೂ ಅಷ್ಟೇ ಸಾರ್. ಹಳ್ಳಿಯವಳು. ಓದು ಬರಹ ಇಲ್ಲ" ಅಂದರು.

ನಡುವೆ ಎದುರುಮನೆ ಅಜ್ಜಿ, ನನಗೆ ಸಹಾಯ ಮಾಡಲು ಹೋಗಿ, "ಊಂ ಕಣ್ರಪ್ಪ, ಅವ್ಳು ದಿನಾ ನಮ್ ಜತೇಲೇ ಕೆರೆ ಇಂದಕ್ಕೆ ಬತ್ತಾಳೆ, ಪಾಪ ಒಳ್ಳೆ ಉಡ್ಗಿ" ಅಂದಳು. ಇನ್ನೊಂದು ಸಲ ನಗು.

ನನ್ನ ನಾಲಿಗೆಯ ತುದಿಯಲ್ಲಿ ಹೊಳೆಯ ದಂಡೆ ಇತ್ತು. ಒಂದೇ ಮಾತು ಸಾಕಾಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಹೆಸರು ಓದುತ್ತಾರೆ, ನಾನು ಬಾಯಿ ಬಿಟ್ಟರೆ ಇವರ ಜೀಪು ಹೋಯಿತು ಅಂತ ನುಂಗಿಕೊಂಡೆ. ಹುಲ್ಲಿನ ಮುದ್ದೆಗೆ ನಾಚಿಕೆಯಾಯಿತು, ನಿಜ. ಅದಕ್ಕಿಂತ ಹಳ್ಳಿಯವಳು ಅಂದ ಆ ಮಾತಿಗೆ ನಾಚಿಕೆಯಾಯಿತು. ಅದನ್ನು ಅವರು ಹೇಳಿದ್ದಕ್ಕೋ, ನಾನು ತಲೆ ತಗ್ಗಿಸಿ ಹೌದು ಅನ್ನುವ ಹಾಗೆ ನಿಂತದ್ದಕ್ಕೋ, ಇವತ್ತಿಗೂ ಸರಿಯಾಗಿ ಬಿಡಿಸಿ ಹೇಳಲಾರೆ.

ಆಮೇಲೆ ಅದೇ ಜನಕ್ಕೆ ನಾನೇ ಉಪ್ಪಿಟ್ಟು ಬಡಿಸಬೇಕು. ಎಲೆ ಹಾಕಿ ಸಾಲಾಗಿ ಕೂತಿದ್ದರು. ಕೋಲಿನಿಂದ ತಿವಿದ ಹುಡುಗ, "ಅಕ್ಕಾ, ಕೈ ತೊಳ್ಕಂಡಿದ್ದೀರಾ?" ಅಂದ. ಪಕ್ಕದವನು ಬೆನ್ನಿಗೆ ಗುದ್ದಿ, "ಸುಮ್ಕಿರ್ಲಾ" ಅಂದ. ಅಂದರೂ ಅವನ ಹೆಗಲು ನಗುವಿಗೆ ಕುಣಿಯುತ್ತಿತ್ತು. ನಾನು ಇಬ್ಬರಿಗೂ ಬಡಿಸಿದೆ. ಮೇಡಂ ಮಾತ್ರ ತಲೆಯೆತ್ತಿ ನೋಡದೆ ಎಲ್ಲ ತಿಂದು ಎಲೆ ಮಡಿಸಿದರು.

ಮಧ್ಯಾಹ್ನ ಇಸ್ಕೂಲಿನ ಜಗಲಿಯಲ್ಲಿ ಸಭೆ. ಗ್ರಾಮಸೇವಕರ ಹೆಂಡಿರು ಹಿಂದೆ ಚಾಪೆಯ ಮೇಲೆ ಕೂತೆವು. ಸಭೆ ಮುಗಿಯುವಾಗ ದೊಡ್ಡ ಸಾಹೇಬರು ಕೇಂದ್ರದವರ ಸುದ್ದಿ ಓದುವುದು ಪದ್ಧತಿ. ಒಬ್ಬರಿಗೆ ಗಂಡು ಮಗು ಆಗಿದೆ ಅಂದರು, ಚಪ್ಪಾಳೆ. ಕೆ.ಆರ್. ನಗರದವರು ಸಾಲು ನಾಟಿಯಲ್ಲಿ ಒಳ್ಳೆ ಭತ್ತ ತೆಗೆಸಿದ್ದಾರೆ ಅಂದರು, ಚಪ್ಪಾಳೆ. ಒಬ್ಬರಿಗೆ ಹೆಗ್ಗಡದೇವನಕೋಟೆಗೆ ವರ್ಗ ಅಂದರು. ಆಗ ಕೋಟೆ ಅಂದರೆ ಕಾಡು, ಚಳಿಜ್ವರ. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಆತನ ಹೆಂಡತಿ ಚಾಪೆಯ ಮೇಲೆ ಕಣ್ಣೊರೆಸಿಕೊಂಡಳು. ಆಮೇಲೆ ಕಾಲೇಜಿಗೆ ಹೋಗುವವರ ಹೆಸರು. ಪಿರಿಯಾಪಟ್ಟಣದ ಕಡೆಯ ಒಬ್ಬರದು. ನಮ್ಮವರದಲ್ಲ.

ಯಜಮಾನರ ಬೆನ್ನು ನನಗೆ ಕಾಣುತ್ತಿತ್ತು. ಅಂಗಿಗೆ ಇಸ್ತ್ರಿ ಹಾಕಿಸಿದ್ದರು, ಹುಣಸೂರಿನಿಂದ. ಆ ಬೆನ್ನು ಕದಲಲಿಲ್ಲ.

ಮುಗಿಯಿತು ಅಂದುಕೊಂಡರೆ, ಸಾಹೇಬರು ಇನ್ನೊಂದು ಓದಿದರು. ಕಾರ್ಯಕರ್ತರ ಹೆಂಡಿರಿಗೂ ತಿಳಿವಳಿಕೆ ಬೇಕು ಅಂತ ಕೆ.ಆರ್. ನಗರದಲ್ಲಿ ಒಂದು ಶಿಬಿರ ನಡೆಸುತ್ತಾರಂತೆ. ಅದಕ್ಕೆ ಮೊದಲ ಹೆಸರು ನನ್ನದು. ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. ಚಪ್ಪಾಳೆ ಆಗ ಜೋರಾಗಿ ಬಿತ್ತು. ಯಜಮಾನರೂ ಹೊಡೆದರು. ಹೊಡೆಯದೆ ಏನು ಮಾಡುತ್ತಾರೆ? ಅವರ ಕೆಲಸ ಅದು.

ಮುಂದೆ ಎರಡು ವರ್ಷಕ್ಕೆ ಅವರು ಕಾಲೇಜಿಗೆ ಹೋದರು, ಜೀಪನ್ನೂ ಹತ್ತಿದರು. ನಾನೂ ಶಿಬಿರಕ್ಕೆ ಹೋಗಿ ಬಂದೆ. ಈಗ ಅವರಿಲ್ಲ. ಕೆಟ್ಟ ಮನುಷ್ಯ ಅಲ್ಲ. ಆವತ್ತು ಹೆದರಿದರು, ಅಷ್ಟೇ.

ಸಭೆಯ ದಿನ ಸಂಜೆ ರಾಗಿ ಮುದ್ದೆ ಇಕ್ಕಿದೆ. ಅವರು ಅರ್ಧಕ್ಕೆ ಕೈ ನಿಲ್ಲಿಸಿ, "ಅಂಗನ್ನಬಾರದಾಗಿತ್ತು. ಏನ್ ಮಾಡ್ಲಿ, ಬಾಯಿಗೆ ಅದೇ ಬಂತು" ಅಂದರು.

"ಉಣ್ಣಿ, ತಣ್ಣಗಾಯ್ತದೆ" ಅಂದೆ.

"ಜನ ಆಡ್ಕೊಂಡು ನಗ್ತಾರೆ ಇನ್ನು."

"ನನ್ನ ನೋಡಿ ನಕ್ಕಾಯ್ತಲ್ಲ" ಅಂದೆ.

ಮಾರನೆಯ ದಿನ ಎಂದಿನಂತೆ ಅಜ್ಜಿ ಬಂದು ಬಾಗಿಲು ಬಡಿದಳು. "ನೀವ್ ಓಗಿ ಅಜ್ಜಿ, ನಾ ಬರಾಕಿಲ್ಲ" ಅಂದೆ. "ಮುನಿಸ್ಕಂಡ್ಯಾ?" ಅಂದಳು. ಇಲ್ಲ ಅಂದೆ. ಅವರ ಮಾತು ಕೆರೆಯ ಕಡೆ ದೂರವಾಗುವುದು ಕೇಳಿಸಿತು. ಕಸ ಗುಡಿಸಿದೆ, ಕೊಟ್ಟಿಗೆ ಬಾಚಿದೆ. ಕಕ್ಕಸಿನ ಮುಂದೆ ಅಂದು ರಂಗೋಲಿ ಬಿಡಲಿಲ್ಲ. ಬಿಸಿಲು ಬಂತು. ಬಾವಿಕಟ್ಟೆಯಲ್ಲಿ ಜನ ಸೇರಿದರು, ಗಾಡಿಗಳು ಹೊರಟವು. ಆಗ ಹಿತ್ತಾಳೆ ಚೊಂಬು ತುಂಬಿಸಿಕೊಂಡು, ಸೆರಗು ಮುಚ್ಚದೆ, ರಸ್ತೆಯ ಮಗ್ಗುಲಲ್ಲೇ ನಡೆದುಹೋಗಿ ತಗಡಿನ ಬಾಗಿಲು ತೆಗೆದೆ. ಕಿರ್ರೋ ಅಂತು. ಬಾವಿಯ ರಾಟೆ ನಿಂತದ್ದು ಕೇಳಿಸಿತು. ಯಾರೋ ಏನೋ ಅಂದರು, ಯಾರೋ ನಕ್ಕರು. ಅಗಣಿ ಹಾಕಿಕೊಂಡೆ.

ಹೊರಗೆ ಬಂದಾಗ ಯಜಮಾನರು ಹೊಳೆಯ ಕಡೆಗೆ ಸೈಕಲ್ಲು ಹೊರಡಿಸುತ್ತಿದ್ದರು. ಕೈ ತೊಳೆದು, ಚೊಂಬನ್ನು ಬೂದಿ ಹಾಕಿ ಉಜ್ಜಿ, ಬಾವಿಯಲ್ಲಿ ಎಲ್ಲರೆದುರು ಮತ್ತೆ ಕಂಠದವರೆಗೆ ತುಂಬಿಸಿ ತಂದು, ಸೈಕಲ್ಲಿನ ಮುಂದಿನ ಚಕ್ರಕ್ಕೆ ಅಡ್ಡವಾಗಿ ಇಟ್ಟೆ.

"ನೀರು ಈಗ ಇಳೀತದೆ" ಅಂದು, ರಾಗಿ ಬೀಸಲು ಒಳಗೆ ಹೋದೆ.